ಮನೆಯಲ್ಲೇ ಡಯಾಲಿಸಿಸ್: ಅನುಕೂಲವೆಷ್ಟು, ಎಚ್ಚರವೆಷ್ಟು?

ಮಲೆನಾಡಿನ ಒಳಹಳ್ಳಿಯೊಂದರ ಅಡಿಕೆ ಬೆಳೆಗಾರರೊಬ್ಬರನ್ನು ಕಲ್ಪಿಸಿಕೊಳ್ಳಿ. ವಯಸ್ಸು ಐವತ್ತರ ಆಸುಪಾಸು. ಹತ್ತು ಹನ್ನೆರಡು ವರ್ಷಗಳಿಂದ ಸಕ್ಕರೆ ಕಾಯಿಲೆ, ಜೊತೆಗೆ ರಕ್ತದ ಒತ್ತಡ. ಈಚೆಗೆ ಬೆಳಗ್ಗೆ ಎದ್ದರೆ ಮುಖ ಊದಿಕೊಂಡಿರುತ್ತದೆ. ಊಟ ಸೇರುವುದಿಲ್ಲ. ತೋಟದ ಏರಿ ಹತ್ತುವಷ್ಟರಲ್ಲಿ ಏದುಸಿರು. ಪೇಟೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿದಾಗ ಎರಡೂ ಮೂತ್ರಪಿಂಡಗಳು ಸೋತಿರುವುದು ಗೊತ್ತಾಗುತ್ತದೆ. ‘ಇನ್ನು ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗಬೇಕು’ ಎಂದು ವೈದ್ಯರು ಹೇಳುತ್ತಾರೆ. ‘ಅಲ್ಲ ಡಾಕ್ಟ್ರೇ, ವಾರಕ್ಕೆ ಮೂರು ದಿನ ಇಲ್ಲಿಗೇ ಬಂದರೆ ತೋಟ ನೋಡೋರು ಯಾರು?’ ಎಂಬುದು ಅವರ ಮೊದಲ ಪ್ರಶ್ನೆ.

ಪ್ರಶ್ನೆ ನ್ಯಾಯವಾದದ್ದೇ. ಬೆಳಗಿನ ಮೊದಲ ಬಸ್ಸಿಗೆ ಹೊರಡಬೇಕು. ಆಸ್ಪತ್ರೆಯಲ್ಲಿ ಸರದಿ ಕಾಯಬೇಕು. ಯಂತ್ರದ ಪಕ್ಕದಲ್ಲಿ ನಾಲ್ಕು ತಾಸು ಮಲಗಬೇಕು. ಮುಗಿದ ಮೇಲೆ ತಲೆ ಸುತ್ತು, ಸುಸ್ತು. ಮನೆ ಸೇರುವ ಹೊತ್ತಿಗೆ ದೀಪ ಹಚ್ಚುವ ಸಮಯ. ಜೊತೆಗೆ ಮಗನೋ ಹೆಂಡತಿಯೋ ಬರಬೇಕಾದ್ದರಿಂದ ಅವರ ದುಡಿಮೆಯೂ ಹೋಯಿತು. ಹೀಗೆ ಕೆಲವು ತಿಂಗಳು ನಡೆಯುತ್ತದೆ. ಆಮೇಲೆ ‘ಈಗ ಪರವಾಗಿಲ್ಲ’ ಅನ್ನಿಸಿದಾಗ ಮೂರು ಸಲ ಎರಡಾಗುತ್ತದೆ, ಎರಡು ಒಂದಾಗುತ್ತದೆ. ಚಿಕಿತ್ಸೆ ಇದ್ದೂ ರೋಗಿ ಕೈತಪ್ಪುವುದು ಹೆಚ್ಚಾಗಿ ಈ ಹಾದಿಯಲ್ಲೇ.

ಇಂಥವರಿಗೆ ಇನ್ನೊಂದು ದಾರಿ ಇದೆ. ಅದು ಮನೆಯಲ್ಲೇ, ತಮ್ಮ ಕೈಯಿಂದಲೇ ಮಾಡಿಕೊಳ್ಳುವ ಡಯಾಲಿಸಿಸ್. ಇದು ಹೊಸದಾಗಿ ಬಂದದ್ದೇನಲ್ಲ. ಜಗತ್ತಿನಲ್ಲಿ ಅರವತ್ತು ವರ್ಷಗಳಿಂದ, ನಮ್ಮ ದೇಶದಲ್ಲಿ 1991ರಿಂದ ಇದು ಬಳಕೆಯಲ್ಲಿದೆ. ಆದರೂ ಡಯಾಲಿಸಿಸ್ ಎಂದರೆ ಆಸ್ಪತ್ರೆ, ಮಂಚ, ಸೂಜಿ, ಯಂತ್ರ ಎಂಬ ಚಿತ್ರವೇ ನಮ್ಮ ಜನರ ಮನಸ್ಸಿನಲ್ಲಿ ಉಳಿದಿದೆ.

ಮೂತ್ರಪಿಂಡದ ದುಡಿಮೆ

ನಮ್ಮ ಬೆನ್ನಿನ ಕೆಳಭಾಗದಲ್ಲಿ, ಬೆನ್ನೆಲುಬಿನ ಎರಡೂ ಪಕ್ಕ, ಮುಷ್ಟಿ ಗಾತ್ರದ ಎರಡು ಮೂತ್ರಪಿಂಡಗಳಿವೆ. ಒಂದೊಂದರಲ್ಲೂ ಸುಮಾರು ಹತ್ತು ಲಕ್ಷ ಸೂಕ್ಷ್ಮ ಸೋಸುಕಗಳು. ಇವು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ರಕ್ತದಿಂದ ಸೋಸುತ್ತವೆ. ಅದರಲ್ಲಿ ಬೇಕಾದದ್ದನ್ನೆಲ್ಲ ಮತ್ತೆ ಹೀರಿಕೊಂಡು, ಬೇಡವಾದ ಯೂರಿಯಾ, ಕ್ರಿಯಾಟಿನಿನ್, ಹೆಚ್ಚಿನ ಉಪ್ಪು ಮತ್ತು ನೀರನ್ನು ಮಾತ್ರ ಒಂದೂವರೆ ಎರಡು ಲೀಟರ್ ಮೂತ್ರವಾಗಿ ಹೊರಗೆ ಕಳಿಸುತ್ತವೆ. ರಕ್ತದ ಒತ್ತಡವನ್ನು ಹಿಡಿತದಲ್ಲಿಡುವುದು, ಕೆಂಪು ರಕ್ತಕಣಗಳು ಹುಟ್ಟಲು ಪ್ರಚೋದನೆ ಕೊಡುವುದು, ಮೂಳೆಗಳಿಗೆ ಬೇಕಾದ ‘ಡಿ’ ಜೀವಸತ್ವವನ್ನು ಸಿದ್ಧಗೊಳಿಸುವುದು ಇವೂ ಅವುಗಳ ಕೆಲಸವೇ.

ವಾರಕ್ಕೆ 168 ತಾಸುಗಳು. ಆರೋಗ್ಯವಂತರ ಮೂತ್ರಪಿಂಡ ಅಷ್ಟೂ ತಾಸು ದುಡಿಯುತ್ತದೆ. ಆಸ್ಪತ್ರೆಯ ಡಯಾಲಿಸಿಸ್ ವಾರಕ್ಕೆ ಮೂರು ಸಲ, ಸಲಕ್ಕೆ ನಾಲ್ಕು ತಾಸಿನಂತೆ ಹನ್ನೆರಡು ತಾಸು ಮಾತ್ರ ನಡೆಯುತ್ತದೆ. ಉಳಿದ 156 ತಾಸು ಕಸ ಮತ್ತು ನೀರು ದೇಹದಲ್ಲಿ ಸೇರುತ್ತಲೇ ಇರುತ್ತವೆ. ಎರಡು ದಿನ ಸೇರಿದ್ದನ್ನು ನಾಲ್ಕು ತಾಸಿನಲ್ಲಿ ಅವಸರದಿಂದ ತೆಗೆಯುವುದರಿಂದಲೇ ರಕ್ತದ ಒತ್ತಡ ಇಳಿಯುವುದು, ಕಾಲು ಹಿಡಿದುಕೊಳ್ಳುವುದು, ವಾಂತಿ, ಸುಸ್ತು ಮೊದಲಾದ ತೊಂದರೆಗಳು ಬರುತ್ತವೆ. ಮನೆಯ ಡಯಾಲಿಸಿಸ್ಸಿನ ಮುಖ್ಯ ಲಾಭ ಇಲ್ಲಿದೆ. ಅದು ನಿಧಾನವಾಗಿ, ಹೆಚ್ಚು ಹೊತ್ತು ಅಥವಾ ಪ್ರತಿದಿನ ನಡೆಯಬಲ್ಲದು. ಹೀಗಾಗಿ ಮೂತ್ರಪಿಂಡದ ಸಹಜ ರೀತಿಗೆ ಅದು ತುಸು ಹತ್ತಿರ.

ಯಂತ್ರ ಮನೆಗೆ ಬಂದ ಕಥೆ

ಕೆಲಸಕ್ಕೆ ಬರುವಂಥ ಮೊದಲ ಕೃತಕ ಮೂತ್ರಪಿಂಡ ತಯಾರಾದದ್ದು ಎರಡನೆಯ ಮಹಾಯುದ್ಧದ ನಡುವೆ, ಜರ್ಮನರ ವಶದಲ್ಲಿದ್ದ ಹಾಲೆಂಡಿನ ಕಾಂಪೆನ್ ಎಂಬ ಊರಿನಲ್ಲಿ. ಅಲ್ಲಿನ ವೈದ್ಯ ವಿಲ್ಲೆಮ್ ಕೋಲ್ಫ್ 1943ರಲ್ಲಿ ಒಂದು ದೊಡ್ಡ ಉರುಳೆಗೆ ಸೆಲೋಫೇನ್ ಕೊಳವೆಯನ್ನು ಸುತ್ತಿ, ಉಪ್ಪು ನೀರಿನ ತೊಟ್ಟಿಯಲ್ಲಿ ತಿರುಗಿಸುತ್ತ ರಕ್ತವನ್ನು ಶುದ್ಧ ಮಾಡಿದರು. ಆ ಕೊಳವೆ ಮಾಂಸದ ಸಾಸೇಜಿಗೆ ಹೊದಿಕೆಯಾಗಿ ಬಳಸುತ್ತಿದ್ದಂಥದು. ಮೊದಲು ಚಿಕಿತ್ಸೆ ಪಡೆದ ಹಲವರು ಬದುಕಲಿಲ್ಲ. 1945ರಲ್ಲಿ 67 ವರ್ಷದ ಮಹಿಳೆಯೊಬ್ಬರು ಚೇತರಿಸಿಕೊಂಡು ಮನೆಗೆ ಹೋದರು.

ಆದರೆ ಪ್ರತಿ ಸಲವೂ ರಕ್ತನಾಳವನ್ನು ಕುಯ್ಯಬೇಕಾಗಿದ್ದರಿಂದ ಒಬ್ಬರಿಗೆ ಪದೇ ಪದೇ ಡಯಾಲಿಸಿಸ್ ಮಾಡುವುದು ಸಾಧ್ಯವಿರಲಿಲ್ಲ. 1960ರಲ್ಲಿ ಅಮೆರಿಕದ ಸಿಯಾಟಲ್ ನಗರದ ವೈದ್ಯ ಬೆಲ್ಡಿಂಗ್ ಸ್ಕ್ರಿಬ್ನರ್ ಮತ್ತು ಸಂಗಡಿಗರು ಟೆಫ್ಲಾನ್ ಕೊಳವೆಯೊಂದನ್ನು ತೋಳಿನಲ್ಲೇ ಕಾಯಂ ಆಗಿ ಕೂಡಿಸುವ ಉಪಾಯ ಕಂಡುಹಿಡಿದರು. ಆ ಕೊಳವೆಯನ್ನು ಮೊದಲು ಪಡೆದ ಕ್ಲೈಡ್ ಶೀಲ್ಡ್ಸ್ ಎಂಬಾತ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಿದ. ಅಲ್ಲಿಂದ ಮೂತ್ರಪಿಂಡ ಸೋತವರಿಗೂ ನಾಳೆ ಎಂಬುದೊಂದು ಇದೆ ಎಂದಾಯಿತು.

ಕೂಡಲೇ ಇನ್ನೊಂದು ಸಂಕಟ ಎದುರಾಯಿತು. ರೋಗಿಗಳು ಬಹಳ, ಯಂತ್ರಗಳು ನಾಲ್ಕಾರು. ಯಾರಿಗೆ ಚಿಕಿತ್ಸೆ ಕೊಡಬೇಕು, ಯಾರನ್ನು ಬಿಡಬೇಕು? ಇದನ್ನು ತೀರ್ಮಾನಿಸಲು ಸಿಯಾಟಲ್‌ನಲ್ಲಿ ಏಳು ಜನರ ಸಮಿತಿಯೊಂದನ್ನು ನೇಮಿಸಲಾಯಿತು. ಅದರಲ್ಲಿ ವಕೀಲರು, ಪಾದ್ರಿ, ಗೃಹಿಣಿ, ಬ್ಯಾಂಕಿನವರು, ಕಾರ್ಮಿಕ ನಾಯಕರು ಎಲ್ಲರೂ ಇದ್ದರು. ರೋಗಿಯ ವಯಸ್ಸು, ಮಕ್ಕಳು ಮರಿ, ಆದಾಯ, ನಡತೆ ಎಲ್ಲವನ್ನೂ ತೂಗಿ ಅವರು ಹೌದು ಅಥವಾ ಅಲ್ಲ ಎನ್ನುತ್ತಿದ್ದರು. 1962ರಲ್ಲಿ ‘ಲೈಫ್’ ಪತ್ರಿಕೆ ಇದನ್ನು ಬಯಲಿಗೆ ತಂದಾಗ ದೇಶದಲ್ಲೆಲ್ಲ ಚರ್ಚೆ ಎದ್ದಿತು.

ಆ ಸಮಿತಿ ಒಪ್ಪದೆ ಬಿಟ್ಟವರಲ್ಲಿ ಹೈಸ್ಕೂಲಿನಲ್ಲಿ ಓದುತ್ತಿದ್ದ ಒಬ್ಬ ಹುಡುಗಿಯೂ ಇದ್ದಳು. ಕೇಂದ್ರದಲ್ಲಿ ಜಾಗವಿಲ್ಲದಿದ್ದರೆ ಯಂತ್ರವನ್ನೇ ಅವಳ ಮನೆಗೆ ಏಕೆ ಒಯ್ಯಬಾರದು ಎಂಬ ಯೋಚನೆ ಹುಟ್ಟಿತು. ವಾಷಿಂಗ್ಟನ್ ವಿಶ್ವವಿದ್ಯಾಲಯದ ಎಂಜಿನಿಯರ್ ಆಲ್ಬರ್ಟ್ ಬಾಬ್ ಮತ್ತು ಅವರ ತಂಡ ಕೆಲವೇ ತಿಂಗಳಲ್ಲಿ, ದ್ರಾವಣವನ್ನು ತಾನೇ ಹದವಾಗಿ ಬೆರೆಸಿ, ತಪ್ಪಾದರೆ ಎಚ್ಚರಿಸುವ ಒಂದು ಸಣ್ಣ ಯಂತ್ರವನ್ನು ಕಟ್ಟಿಕೊಟ್ಟಿತು. 1964ರಲ್ಲಿ ತಾಯಿ ಮಗಳು ಅದನ್ನು ಕಲಿತು ಮನೆಯಲ್ಲೇ ಡಯಾಲಿಸಿಸ್ ಶುರುಮಾಡಿದರು. ಅದೇ ವರ್ಷ ಲಂಡನ್ನಿನಲ್ಲಿ ವೈದ್ಯ ಸ್ಟ್ಯಾನ್ಲಿ ಶಾಲ್ಡನ್ ತಮ್ಮ ರೋಗಿಗಳಿಗೆ ರಾತ್ರಿ ಮಲಗಿದ್ದಾಗ ಮನೆಯಲ್ಲೇ ಮಾಡಿಕೊಳ್ಳುವುದನ್ನು ಕಲಿಸಿದರು. ಇಂದು ಆಸ್ಪತ್ರೆಗಳಲ್ಲಿ ಕಾಣುವ ಯಂತ್ರಗಳ ಮೂಲ ಮಾದರಿಯೂ ಆ ಹುಡುಗಿಗಾಗಿ ಮಾಡಿದ ಯಂತ್ರವೇ.

1970ರ ದಶಕದ ಆರಂಭದಲ್ಲಿ ಅಮೆರಿಕದ ಡಯಾಲಿಸಿಸ್ ರೋಗಿಗಳಲ್ಲಿ ನೂರಕ್ಕೆ ಸುಮಾರು ನಲವತ್ತು ಮಂದಿ ಮನೆಯಲ್ಲೇ ಅದನ್ನು ಮಾಡಿಕೊಳ್ಳುತ್ತಿದ್ದರು. ಸರ್ಕಾರವೇ ವೆಚ್ಚ ಭರಿಸುವ ಕಾನೂನು 1972ರಲ್ಲಿ ಬಂದ ಮೇಲೆ ಊರೂರಿಗೆ ಕೇಂದ್ರಗಳು ಎದ್ದವು. ಮನೆಯ ಡಯಾಲಿಸಿಸ್ ಹಿಂದೆ ಸರಿಯಿತು. ಜಾಗ ಸಿಕ್ಕಿದ್ದು ಒಳ್ಳೆಯದೇ. ಆದರೆ ಮನೆಯಲ್ಲಿ ಮಾಡಬಲ್ಲವರೂ ಕೇಂದ್ರದ ಗಡಿಯಾರಕ್ಕೆ ಕಟ್ಟುಬಿದ್ದರು.

ಹೊಟ್ಟೆಯೊಳಗಿನ ಜರಡಿ

ನಮ್ಮ ದೇಶದಲ್ಲಿ ಮನೆಯ ಡಯಾಲಿಸಿಸ್ ಎಂದರೆ ಬಹುಮಟ್ಟಿಗೆ ರಕ್ತದ ಯಂತ್ರವಲ್ಲ, ಹೊಟ್ಟೆಯ ಮೂಲಕ ಮಾಡುವ ಡಯಾಲಿಸಿಸ್. ವೈದ್ಯರು ಇದನ್ನು ಪೆರಿಟೋನಿಯಲ್ ಡಯಾಲಿಸಿಸ್ ಅಥವಾ ಚಿಕ್ಕದಾಗಿ ಸಿ.ಎ.ಪಿ.ಡಿ. ಎನ್ನುತ್ತಾರೆ. ಹೊಟ್ಟೆಯ ಒಳಗೋಡೆಗೂ ಕರುಳುಗಳಿಗೂ ಹೊದಿಕೆಯಾಗಿ ಒಂದು ತೆಳು ಪೊರೆ ಇದೆ. ಅದರ ತುಂಬ ಸೂಕ್ಷ್ಮ ರಕ್ತನಾಳಗಳು. ಹೊಟ್ಟೆಯ ಪೊಳ್ಳಿನಲ್ಲಿ ಸಕ್ಕರೆ ಬೆರೆತ ಶುದ್ಧ ದ್ರಾವಣವನ್ನು ತುಂಬಿದರೆ ರಕ್ತದಲ್ಲಿರುವ ಕಸ ಪೊರೆಯನ್ನು ದಾಟಿ ದ್ರಾವಣಕ್ಕೆ ಇಳಿಯುತ್ತದೆ. ಉಪ್ಪು ಹಚ್ಚಿದ ಮಾವಿನಕಾಯಿ ಹೋಳು ನೀರು ಬಿಡುವುದಿಲ್ಲವೇ? ಹಾಗೆಯೇ ದ್ರಾವಣದ ಸಕ್ಕರೆ ದೇಹದ ಹೆಚ್ಚಿನ ನೀರನ್ನು ಸೆಳೆದುಕೊಳ್ಳುತ್ತದೆ. ಕೆಲವು ತಾಸಿನ ಮೇಲೆ ಆ ದ್ರಾವಣವನ್ನು ಹೊರಗೆ ಬಿಟ್ಟು ಹೊಸದನ್ನು ತುಂಬುವುದು. ಇಷ್ಟೇ ಚಿಕಿತ್ಸೆ.

ಇದನ್ನು ದಿನವೂ ಮಾಡುವ ಚಿಕಿತ್ಸೆಯಾಗಿ ರೂಪಿಸಿದವರು ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದ ಎಂಜಿನಿಯರ್ ರಾಬರ್ಟ್ ಪೊಪೊವಿಚ್ ಮತ್ತು ವೈದ್ಯ ಜ್ಯಾಕ್ ಮೊನ್‌ಕ್ರೀಫ್. ಅವರು 1976ರಲ್ಲಿ ಕಳಿಸಿದ ಮೊದಲ ಪ್ರಬಂಧವನ್ನು ವೈದ್ಯ ಸಮ್ಮೇಳನ ಸ್ವೀಕರಿಸಲಿಲ್ಲ. ಆಗ ದ್ರಾವಣ ಗಾಜಿನ ಸೀಸೆಗಳಲ್ಲಿ ಬರುತ್ತಿದ್ದುದರಿಂದ ಸೋಂಕಿನ ಕಾಟವೂ ಹೆಚ್ಚು. ಕೆನಡಾದ ಟೊರಾಂಟೊದಲ್ಲಿ ವೈದ್ಯ ಡಿಮಿಟ್ರಿಯೊಸ್ ಓರಿಯೊಪೊಲಸ್ ಪ್ಲಾಸ್ಟಿಕ್ ಚೀಲ ಬಳಸತೊಡಗಿದ ಮೇಲೆ ಈ ವಿಧಾನ ಜನರ ಕೈಗೆ ಬಂತು. ಖಾಲಿಯಾದ ಚೀಲವನ್ನು ಮಡಿಸಿ ಬಟ್ಟೆಯೊಳಗೆ ಸಿಕ್ಕಿಸಿಕೊಂಡು ರೋಗಿ ತನ್ನ ಕೆಲಸಕ್ಕೆ ಹೋಗುವುದು ಸಾಧ್ಯವಾಯಿತು.

ಈಗಿನ ವಿಧಾನ ಇನ್ನೂ ಸರಳ. ಚಿಕ್ಕ ಶಸ್ತ್ರಚಿಕಿತ್ಸೆಯಿಂದ ಹೊಕ್ಕುಳಿನ ಕೆಳಗೆ ಮೆತ್ತನೆಯ ಸಿಲಿಕೋನ್ ಕೊಳವೆಯೊಂದನ್ನು ಕೂಡಿಸುತ್ತಾರೆ. ಗಾಯ ಮಾಯಲು ಸಾಮಾನ್ಯವಾಗಿ ಎರಡು ವಾರ ಬಿಡುತ್ತಾರೆ. ಆಮೇಲೆ ಒಂದೆರಡು ವಾರ ತರಬೇತಿ. ದಿನಕ್ಕೆ ಮೂರು ಅಥವಾ ನಾಲ್ಕು ಸಲ, ಸಲಕ್ಕೆ ಎರಡು ಲೀಟರಿನಂತೆ ದ್ರಾವಣ ಬದಲಿಸಬೇಕು. ಒಂದು ಬದಲಾವಣೆಗೆ ಅರ್ಧ ತಾಸು ಸಾಕು. ಚೀಲವನ್ನು ಮೊಳೆಗೆ ತೂಗುಹಾಕಿದರೆ ದ್ರಾವಣ ತಾನೇ ಇಳಿಯುತ್ತದೆ, ವಿದ್ಯುತ್ ಬೇಡ. ಹಗಲು ಬಿಡುವಿಲ್ಲದವರಿಗಾಗಿ ರಾತ್ರಿ ಎಂಟು ಹತ್ತು ತಾಸು ಮಲಗಿದ್ದಾಗ ತಾನೇ ಬದಲಿಸುವ ಸಣ್ಣ ಯಂತ್ರವೂ ಇದೆ. ಆದರೆ ಅದಕ್ಕೆ ಖರ್ಚು ಹೆಚ್ಚು, ವಿದ್ಯುತ್ತೂ ಬೇಕು.

ಅನುಕೂಲಗಳ ಪಟ್ಟಿ

ಮೊದಲನೆಯದು ಸಮಯ. ವಾರಕ್ಕೆ ಮೂರು ಸಲದ ಓಡಾಟ ತಪ್ಪಿ, ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ ವೈದ್ಯರನ್ನು ಕಂಡರೆ ಸಾಕಾಗುತ್ತದೆ. ಬೆಳಗ್ಗೆ ಎದ್ದಾಗ ಒಂದು, ಮಧ್ಯಾಹ್ನ ಊಟಕ್ಕೆ ಮೊದಲು ಒಂದು, ರಾತ್ರಿ ಮಲಗುವಾಗ ಒಂದು ಎಂದು ಹೊಂದಿಸಿಕೊಂಡರೆ ಶಾಲೆಯ ಮೇಷ್ಟ್ರು ಪಾಠ ಮಾಡಬಹುದು, ಅಂಗಡಿಯವರು ಗಲ್ಲಾದಲ್ಲಿ ಕೂರಬಹುದು, ಓದುವ ಮಕ್ಕಳು ತರಗತಿ ತಪ್ಪಿಸಬೇಕಿಲ್ಲ.

ಎರಡನೆಯದು ದೇಹಕ್ಕೆ ಸಿಗುವ ನೆಮ್ಮದಿ. ಶುದ್ಧೀಕರಣ ದಿನವಿಡೀ ನಿಧಾನವಾಗಿ ನಡೆಯುವುದರಿಂದ ಏರಿಳಿತ ಕಡಿಮೆ. ದುರ್ಬಲ ಹೃದಯದವರು ಸಹ ಇದನ್ನು ತಾಳಿಕೊಳ್ಳಬಲ್ಲರು. ಸೂಜಿ ಚುಚ್ಚುವುದಿಲ್ಲ, ರಕ್ತ ದೇಹದಿಂದ ಹೊರಗೆ ಬರುವುದಿಲ್ಲ. ಹಲವರು ಹಂಚಿಕೊಳ್ಳುವ ಯಂತ್ರಗಳ ನಡುವೆ ಮಲಗಬೇಕಿಲ್ಲವಾದ್ದರಿಂದ ರಕ್ತದ ಮೂಲಕ ಹರಡುವ ಕಾಮಾಲೆಯ ಭಯವೂ ಕಡಿಮೆ.

ಮೂರನೆಯದು ಹೆಚ್ಚಿನವರಿಗೆ ಗೊತ್ತಿಲ್ಲದ ಲಾಭ. ಡಯಾಲಿಸಿಸ್ ಆರಂಭಿಸುವಾಗ ಅನೇಕರಿಗೆ ಇನ್ನೂ ಸ್ವಲ್ಪ ಮೂತ್ರ ಬರುತ್ತಿರುತ್ತದೆ. ಉಳಿದಿರುವ ಆ ಚೂರುಪಾರು ಶಕ್ತಿ ಬಹಳ ಬೆಲೆಯುಳ್ಳದ್ದು. ಹೊಟ್ಟೆಯ ಡಯಾಲಿಸಿಸ್‌ನಲ್ಲಿ ಅದು ಹೆಚ್ಚು ಕಾಲ ಉಳಿಯುವುದು ಕಂಡುಬಂದಿದೆ. ಆದ್ದರಿಂದಲೇ ಮೊದಲ ಕೆಲವು ವರ್ಷಗಳಿಗೆ ಇದು ವಿಶೇಷವಾಗಿ ಒಪ್ಪುವ ಚಿಕಿತ್ಸೆ ಎಂದು ಹಲವು ತಜ್ಞರು ಹೇಳುತ್ತಾರೆ.

ನಾಲ್ಕನೆಯದು ಊಟ. ಆಸ್ಪತ್ರೆಯ ಡಯಾಲಿಸಿಸ್ ಮಾಡಿಸಿಕೊಳ್ಳುವವರಿಗೆ ಎಳನೀರು, ಬಾಳೆಹಣ್ಣು, ಕಿತ್ತಳೆ ಎಲ್ಲವೂ ದೂರ. ಅವುಗಳಲ್ಲಿರುವ ಪೊಟ್ಯಾಸಿಯಂ ರಕ್ತದಲ್ಲಿ ಸೇರಿದರೆ ಹೃದಯವೇ ನಿಲ್ಲಬಹುದು. ದಿನವೂ ಡಯಾಲಿಸಿಸ್ ನಡೆಯುವವರಿಗೆ ಈ ಪಥ್ಯ ಅಷ್ಟು ಬಿಗಿಯಲ್ಲ. ಹಾಗೆಂದು ಮನಸ್ಸಿಗೆ ಬಂದಂತೆ ತಿನ್ನುವುದಲ್ಲ. ರಕ್ತ ಪರೀಕ್ಷೆ ನೋಡಿ ವೈದ್ಯರು ಹೇಳಿದಷ್ಟು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಿಗೆ ಮಾತ್ರ ಎಲ್ಲರೂ ಕೈಮುಗಿಯಬೇಕು. ಉಪ್ಪು ತಿಂದರೆ ಬಾಯಾರಿಕೆ, ನೀರು ಕುಡಿದರೆ ಊತ.

ಐದನೆಯದು ತೂಕಕ್ಕೆ ಸಿಗದ ಲಾಭ. ತನ್ನ ಚಿಕಿತ್ಸೆ ತನ್ನ ಕೈಯಲ್ಲಿದೆ ಎಂಬ ಭಾವನೆ. ದಿನವೂ ತೂಕ, ರಕ್ತದ ಒತ್ತಡ, ಹೊರಬಂದ ದ್ರಾವಣದ ಪ್ರಮಾಣವನ್ನು ಪುಸ್ತಕದಲ್ಲಿ ಬರೆದಿಡುವ ರೋಗಿ ತನ್ನ ದೇಹವನ್ನು ಬಲ್ಲವನಾಗುತ್ತಾನೆ. 2020ರಲ್ಲಿ ಕೊರೊನಾ ಲಾಕ್‌ಡೌನ್ ಬಂದು ಬಸ್ಸುಗಳು ನಿಂತಾಗ ಆಸ್ಪತ್ರೆಯ ಡಯಾಲಿಸಿಸ್ ರೋಗಿಗಳು ಪಟ್ಟ ಪಾಡು ಎಲ್ಲರಿಗೂ ನೆನಪಿದೆ. ಮನೆಯಲ್ಲಿ ಚೀಲಗಳ ದಾಸ್ತಾನು ಇದ್ದವರಿಗೆ ವಾರಕ್ಕೆ ಮೂರು ಸಲದ ಆ ಪ್ರಯಾಣವೇ ಇರಲಿಲ್ಲ.

ರಕ್ತದ ಯಂತ್ರವೂ ಮನೆಯಲ್ಲಿ

ಹೊಟ್ಟೆಯ ವಿಧಾನ ಒಗ್ಗದವರು ರಕ್ತದ ಡಯಾಲಿಸಿಸ್ಸನ್ನೇ ಮನೆಯಲ್ಲಿ ಮಾಡಿಕೊಳ್ಳಬಹುದು. ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ಗಳಲ್ಲಿ ಹಳ್ಳಿಗಾಡಿನ ದೂರ ಹೆಚ್ಚಾದ್ದರಿಂದ ಇದು ಚೆನ್ನಾಗಿ ಬೇರೂರಿದೆ. ಟೊರಾಂಟೊದಲ್ಲಿ 1994ರಲ್ಲಿ ರಾಬರ್ಟ್ ಉಲ್ಡಾಲ್ ಮತ್ತು ಆಂಡ್ರಿಯಾಸ್ ಪಿಯೆರಾಟೊಸ್ ಎಂಬ ವೈದ್ಯರು, ವಾರದಲ್ಲಿ ಐದಾರು ರಾತ್ರಿ ಮಲಗಿದ್ದಾಗ ನಿಧಾನವಾಗಿ ನಡೆಯುವ ಮನೆ ಡಯಾಲಿಸಿಸ್ ಆರಂಭಿಸಿದರು. ಇಂಥ ದೀರ್ಘ ಡಯಾಲಿಸಿಸ್‌ನಲ್ಲಿ ರಂಜಕದ ಅಂಶ ಚೆನ್ನಾಗಿ ಹೊರಹೋಗುತ್ತದೆ, ರಕ್ತದೊತ್ತಡದ ಗುಳಿಗೆಗಳೂ ಹಲವರಿಗೆ ಕಡಿಮೆಯಾಗುತ್ತವೆ.

ಹೆಚ್ಚು ಸಲ ಮಾಡಿದರೆ ನಿಜಕ್ಕೂ ಲಾಭವೇ? 2010ರಲ್ಲಿ ಪ್ರಕಟವಾದ ಉತ್ತರ ಅಮೆರಿಕದ ಅಧ್ಯಯನವೊಂದರಲ್ಲಿ 245 ರೋಗಿಗಳನ್ನು ಎರಡು ಗುಂಪು ಮಾಡಿ, ಕೇಂದ್ರಗಳಲ್ಲೇ ಒಂದು ಗುಂಪಿಗೆ ವಾರಕ್ಕೆ ಮೂರು ಸಲ, ಇನ್ನೊಂದಕ್ಕೆ ಆರು ಸಲ ಡಯಾಲಿಸಿಸ್ ಮಾಡಲಾಯಿತು. ಆರು ಸಲದವರಲ್ಲಿ ಹೃದಯದ ಗೋಡೆ ದಪ್ಪವಾಗುವುದು ಕಡಿಮೆಯಾಗಿ, ರಕ್ತದೊತ್ತಡ ಹತೋಟಿಗೆ ಬಂತು. ಆದರೆ ಸೂಜಿ ಚುಚ್ಚುವ ರಕ್ತನಾಳದ ತೊಂದರೆಗಳು ಅವರಲ್ಲೇ ಹೆಚ್ಚು ಕಂಡವು. 2011ರಲ್ಲಿ ಅಮೆರಿಕದ 32 ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕ ನೋಡಿದಾಗ, ವಾರದಲ್ಲಿ ಒಮ್ಮೆ ಬರುವ ಎರಡು ದಿನದ ಬಿಡುವಿನ ನಂತರದ ದಿನವೇ ಸಾವು ಮತ್ತು ಹೃದಯದ ತೊಂದರೆಗಳು ಹೆಚ್ಚೆಂದು ತಿಳಿಯಿತು. ಮನೆಯಲ್ಲಿ ಮಾಡಿಕೊಳ್ಳುವವರು ಆ ದೊಡ್ಡ ಬಿಡುವನ್ನು ತಪ್ಪಿಸಬಹುದು.

ನಮ್ಮಲ್ಲಿ ಇದಕ್ಕೆ ಅಡ್ಡಿಗಳು ಹಲವು. ನಾಲ್ಕು ತಾಸಿನ ಒಂದು ಸರದಿಗೇ ಸುಮಾರು 120 ಲೀಟರ್ ಅತಿ ಶುದ್ಧ ದ್ರಾವಣ ಬೇಕು. ಅದಕ್ಕೆ ನೀರು ಶುದ್ಧೀಕರಣ ಘಟಕ, ತಡೆಯಿಲ್ಲದ ವಿದ್ಯುತ್, ಯಂತ್ರದ ಬೆಲೆ, ಸೂಜಿ ಹಾಕಲು ಕಲಿತ ಮನೆಯವರು ಎಲ್ಲವೂ ಬೇಕು. ದೊಡ್ಡ ನಗರಗಳಲ್ಲಿ ಕೆಲವು ಖಾಸಗಿ ಸಂಸ್ಥೆಗಳು ಯಂತ್ರದ ಜೊತೆ ತಂತ್ರಜ್ಞರನ್ನೂ ಮನೆಗೆ ಕಳಿಸುತ್ತವೆ. ಸದ್ಯಕ್ಕೆ ಅದು ಉಳ್ಳವರ ಸೌಕರ್ಯ.

ಎಚ್ಚರ ತಪ್ಪಿದರೆ

ಮನೆಯ ಡಯಾಲಿಸಿಸ್ ಸಲೀಸು, ಆದರೆ ಸಡಿಲವಲ್ಲ. ಹೊಟ್ಟೆಯ ವಿಧಾನಕ್ಕಿರುವ ದೊಡ್ಡ ಶತ್ರು ಸೋಂಕು. ಕೊಳವೆಯ ತುದಿಗೆ ಕೈ ಒಂದು ಸಲ ತಾಗಿದರೂ ಕ್ರಿಮಿಗಳು ಹೊಟ್ಟೆಯೊಳಗೆ ಹೋಗಬಹುದು. ಹೊರಬರುವ ದ್ರಾವಣ ಸಾಮಾನ್ಯವಾಗಿ ತಿಳಿಯಾಗಿರುತ್ತದೆ. ಚೀಲದ ಹಿಂದೆ ಅಚ್ಚಿನ ಅಕ್ಷರ ಹಿಡಿದರೆ ಓದಬಹುದು. ಅದು ಅಕ್ಕಿ ತೊಳೆದ ನೀರಿನಂತೆ ಮಬ್ಬಾಗಿ ಕಂಡರೆ, ಹೊಟ್ಟೆ ನೋವು ಅಥವಾ ಜ್ವರ ಬಂದರೆ ನಾಳೆ ನೋಡೋಣ ಎನ್ನಬಾರದು. ಆ ಚೀಲವನ್ನೇ ತೆಗೆದುಕೊಂಡು ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಬೇಗ ಬಂದವರಿಗೆ ಔಷಧದಿಂದಲೇ ಹೆಚ್ಚಾಗಿ ವಾಸಿಯಾಗುತ್ತದೆ. ತಡಮಾಡಿದರೆ ಕೊಳವೆ ತೆಗೆಯಬೇಕಾಗಬಹುದು, ಜೀವಕ್ಕೂ ಅಪಾಯ.

ಒಂದು ಕೇಂದ್ರದ ಕೆಲಸ ಚೆನ್ನಾಗಿದೆಯೇ ಎಂದು ತಿಳಿಯಲು ಅಳತೆಗೋಲೊಂದಿದೆ. ಅಂತರರಾಷ್ಟ್ರೀಯ ತಜ್ಞರ ಸಂಘ 2022ರಲ್ಲಿ ಹೇಳಿರುವಂತೆ ಈ ಸೋಂಕು ಒಬ್ಬ ರೋಗಿಗೆ ವರ್ಷಕ್ಕೆ ಸರಾಸರಿ 0.4 ಸಲ ಮೀರಬಾರದು. ಅಂದರೆ ಎರಡೂವರೆ ವರ್ಷಕ್ಕೊಮ್ಮೆಗಿಂತ ಹೆಚ್ಚು ಬರಬಾರದು. ಶಿಸ್ತಿನಿಂದಿರುವ ಎಷ್ಟೋ ಜನರಿಗೆ ವರ್ಷಗಟ್ಟಲೆ ಒಂದು ಸಲವೂ ಬರುವುದಿಲ್ಲ.

ಶಿಸ್ತು ಎಂದರೆ ಏನು? ದ್ರಾವಣ ಬದಲಿಸುವ ಜಾಗ ಚೊಕ್ಕಟವಾಗಿರಬೇಕು, ಬೆಳಕಿರಬೇಕು. ಆ ಅರ್ಧ ತಾಸು ಬಾಗಿಲು ಕಿಟಕಿ ಮುಚ್ಚಿ, ಫ್ಯಾನ್ ನಿಲ್ಲಿಸಬೇಕು. ನಾಯಿ, ಬೆಕ್ಕು, ಚಿಕ್ಕ ಮಕ್ಕಳು ಹೊರಗಿರಲಿ. ಬಾಯಿ ಮೂಗಿಗೆ ಮುಖಗವಸು ಹಾಕಿ, ಸಾಬೂನಿನಿಂದ ಕೈ ಉಜ್ಜಿ ತೊಳೆದು, ಚೆನ್ನಾಗಿ ಒರೆಸಿಕೊಳ್ಳಬೇಕು. ಕೊಳವೆ ಹೊರಬಂದಿರುವ ಜಾಗವನ್ನು ದಿನವೂ ನೋಡಿ, ಕೆಂಪಾಗಿದೆಯೇ, ಕೀವು ಇದೆಯೇ ಎಂದು ಗಮನಿಸಬೇಕು. ಕೆರೆ, ಹೊಳೆಯ ಸ್ನಾನ ಬೇಡ. ದ್ರಾವಣದ ಚೀಲವನ್ನು ಬಿಸಿನೀರಿನಲ್ಲಿ ಅದ್ದಿ ಬೆಚ್ಚಗೆ ಮಾಡಬಾರದು. ಎರಡು ಮೂರು ವರ್ಷ ಏನೂ ಆಗದ ಮೇಲೆ ಬರುವ ಉದಾಸೀನವೇ ಹೆಚ್ಚು ಅಪಾಯಕಾರಿ. ಆದ್ದರಿಂದ ಆಗಾಗ ಮತ್ತೆ ತರಬೇತಿ ಪಡೆಯುವುದು ಒಳ್ಳೆಯದು.

ಬೇರೆ ತೊಡಕುಗಳೂ ಇವೆ. ದ್ರಾವಣದ ಸಕ್ಕರೆ ಸ್ವಲ್ಪಮಟ್ಟಿಗೆ ದೇಹಕ್ಕೆ ಸೇರುವುದರಿಂದ ತೂಕ ಏರಬಹುದು, ಮಧುಮೇಹಿಗಳು ಇನ್ಸುಲಿನ್ ಪ್ರಮಾಣ ಬದಲಿಸಿಕೊಳ್ಳಬೇಕಾಗಬಹುದು. ದ್ರಾವಣದ ಜೊತೆ ದಿನಕ್ಕೆ ಐದರಿಂದ ಹತ್ತು ಗ್ರಾಂನಷ್ಟು ಪ್ರೋಟೀನ್ ಹೊರಹೋಗುತ್ತದೆ. ಅದನ್ನು ಮೊಟ್ಟೆ, ಮೀನು, ಬೇಳೆ, ಹಾಲುಗಳಿಂದ ತುಂಬಿಕೊಳ್ಳಬೇಕು. ಯಾವುದು ಎಷ್ಟು ಎಂಬುದನ್ನು ಪಥ್ಯತಜ್ಞರೇ ಹೇಳಬೇಕು. ಕೆಲವು ವರ್ಷಗಳ ನಂತರ ಪೊರೆಯ ಸೋಸುವ ಶಕ್ತಿ ಕುಂದಿ ರಕ್ತದ ಡಯಾಲಿಸಿಸ್‌ಗೆ ಬದಲಾಗಬೇಕಾದೀತು. ಅದನ್ನು ಸೋಲು ಎಂದು ತಿಳಿಯಬೇಕಿಲ್ಲ.

ಆಯುಷ್ಯ ಹೆಚ್ಚುತ್ತದೆಯೇ ಎಂಬ ಪ್ರಶ್ನೆಗೆ ಪ್ರಾಮಾಣಿಕ ಉತ್ತರ ಒಂದೇ. ಒಟ್ಟಾರೆ ನೋಡಿದರೆ ಎರಡೂ ವಿಧಾನಗಳಲ್ಲಿ ರೋಗಿಗಳು ಬದುಕುವ ಅವಧಿ ಹೆಚ್ಚು ಕಡಿಮೆ ಒಂದೇ. ಮನೆಯಲ್ಲಿ ಮಾಡಿಕೊಳ್ಳುವವರು ಕೆಲವು ಲೆಕ್ಕಗಳಲ್ಲಿ ಮುಂದಿರುವುದು ಕಂಡರೂ, ಅವರು ಮೊದಲೇ ತುಸು ಗಟ್ಟಿಮುಟ್ಟಾದವರೂ ಕಿರಿಯರೂ ಆಗಿರುವುದುಂಟು. ಹೊಂದಿಕೆಯಾದರೆ ಮೂತ್ರಪಿಂಡ ಕಸಿಯೇ ಎಲ್ಲಕ್ಕಿಂತ ಒಳ್ಳೆಯ ಚಿಕಿತ್ಸೆ. ಅದು ಸಿಗುವವರೆಗೆ, ಸಿಗದವರಿಗೆ ಕೊನೆಯವರೆಗೆ, ದಿನಗಳನ್ನು ಹೇಗೆ ಕಳೆಯಬೇಕು ಎಂಬುದೇ ಇಲ್ಲಿನ ಪ್ರಶ್ನೆ.

ಯಾರಿಗೆ ಬೇಡ?

ಹೊಟ್ಟೆಗೆ ಹಲವು ದೊಡ್ಡ ಶಸ್ತ್ರಚಿಕಿತ್ಸೆಗಳಾಗಿ ಒಳಗೆ ಅಂಟಿಕೊಂಡಿರುವವರಿಗೆ, ಸರಿಪಡಿಸದ ಹರ್ನಿಯಾ ಇರುವವರಿಗೆ, ಕರುಳಿನ ಉರಿಯೂತದಿಂದ ನರಳುವವರಿಗೆ ಹೊಟ್ಟೆಯ ವಿಧಾನ ಒಗ್ಗುವುದಿಲ್ಲ. ಕಣ್ಣು ಕಾಣದವರು, ಕೈ ನಡುಗುವವರು, ಮರೆವಿನ ವೃದ್ಧರು ಒಬ್ಬರೇ ಮಾಡಿಕೊಳ್ಳಲಾರರು. ಆದರೆ ಮಗಳೋ ಸೊಸೆಯೋ ಕಲಿತರೆ ಅವರಿಗೂ ಸಾಧ್ಯ. ಓದು ಬರಹ ಬಾರದವರಿಗೆ ಆಗದು ಎಂಬುದು ತಪ್ಪು ಕಲ್ಪನೆ. ಮಡಿಯಲ್ಲಿ ಅಡಿಗೆ ಮಾಡುವ, ಹಾಲು ಕರೆಯುವ ಮೊದಲು ಕೆಚ್ಚಲು ತೊಳೆಯುವ ಕೈಗೆ ಶುಚಿಯ ಶಿಸ್ತು ಹೊಸದೇನಲ್ಲ. ಚಿಕ್ಕ ಮನೆ ಎಂಬುದೂ ದೊಡ್ಡ ಅಡ್ಡಿಯಲ್ಲ. ಒಂದು ಚೊಕ್ಕಟ ಮೂಲೆ, ಚೀಲ ತೂಗುಹಾಕಲು ಒಂದು ಮೊಳೆ, ಪೆಟ್ಟಿಗೆಗಳನ್ನಿಡಲು ತೇವವಿಲ್ಲದ ಜಾಗ ಸಾಕು. ದಿನಕ್ಕೆ ಮೂರು ಚೀಲವೆಂದರೆ ತಿಂಗಳಿಗೆ ತೊಂಬತ್ತು ಚೀಲ, 180 ಲೀಟರ್ ದ್ರಾವಣ. ಆ ಪೆಟ್ಟಿಗೆಗಳು ಮಳೆಗಾಲದಲ್ಲೂ ಊರು ತಲುಪುವ ಏರ್ಪಾಡು ಇದೆಯೇ ಎಂದು ಮೊದಲೇ ನೋಡಿಕೊಳ್ಳಬೇಕು.

ಖರ್ಚಿನ ಮಾತು

ಎಲ್ಲರೂ ಕೊನೆಗೆ ಬರುವುದು ಇಲ್ಲಿಗೇ. ಚೀಲಗಳಿಗೆ ಪ್ರತಿ ತಿಂಗಳೂ ದುಡ್ಡು ಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ರಕ್ತದ ಡಯಾಲಿಸಿಸ್ ಉಚಿತವಾಗಿ ಸಿಗುವಾಗ ಚೀಲಕ್ಕೆ ಕೈಯಿಂದ ಕೊಡುವುದು ಬಡವರಿಗೆ ಕಷ್ಟವೇ. ಆದರೆ ಲೆಕ್ಕ ಹಾಕುವಾಗ ಬಸ್ಸು ಅಥವಾ ಬಾಡಿಗೆ ಕಾರಿನ ಖರ್ಚು, ಇಬ್ಬರ ಕೂಲಿಯ ನಷ್ಟ, ಪೇಟೆಯಲ್ಲಿ ಮನೆ ಮಾಡಿದ್ದರೆ ಅದರ ಬಾಡಿಗೆ ಇವನ್ನೂ ಸೇರಿಸಬೇಕು. ಹಾಗೆ ಸೇರಿಸಿದಾಗ ಅಂತರ ಕೆಲವರಿಗೆ ಬಹಳ ಕಿರಿದಾಗುತ್ತದೆ.

ಸರ್ಕಾರಗಳು ಮನಸ್ಸು ಮಾಡಿದರೆ ಏನಾಗಬಹುದು ಎಂಬುದಕ್ಕೆ ಏಷ್ಯಾದಲ್ಲೇ ಉದಾಹರಣೆಗಳಿವೆ. ಹಾಂಗ್‌ಕಾಂಗ್ 1985ರಿಂದ ಹೊಟ್ಟೆಯ ಡಯಾಲಿಸಿಸ್‌ಗೆ ಮೊದಲ ಮಣೆ ಹಾಕಿತು. ಅಲ್ಲಿ ಬಹುಪಾಲು ರೋಗಿಗಳು ಮನೆಯಲ್ಲೇ ಚಿಕಿತ್ಸೆ ಪಡೆಯುತ್ತ ಬಂದಿದ್ದಾರೆ. ಥಾಯ್ಲೆಂಡ್ 2008ರಲ್ಲಿ ಇದೇ ಹಾದಿ ಹಿಡಿದು ಹಳ್ಳಿಗಳಿಗೆ ಚೀಲ ತಲುಪಿಸಿತು. 2022ರಲ್ಲಿ ಯಾವ ವಿಧಾನ ಬೇಕೆಂಬ ಆಯ್ಕೆಯನ್ನು ರೋಗಿಗಳಿಗೇ ಬಿಟ್ಟಿತು. ಭಾರತದಲ್ಲಿ 2016ರ ಕೇಂದ್ರ ಬಜೆಟ್ಟಿನಲ್ಲಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ ಘೋಷಣೆಯಾಯಿತು. ಜಿಲ್ಲಾ ಆಸ್ಪತ್ರೆಗಳಲ್ಲಿ ಬಡತನ ರೇಖೆಗಿಂತ ಕೆಳಗಿನವರಿಗೆ ಉಚಿತ ರಕ್ತ ಡಯಾಲಿಸಿಸ್ ಅದರ ಗುರಿ. 2019ರಲ್ಲಿ ಹೊಟ್ಟೆಯ ಡಯಾಲಿಸಿಸ್ಸನ್ನೂ ಅದರಲ್ಲಿ ಸೇರಿಸಲು ಮಾರ್ಗಸೂಚಿ ಹೊರಬಂತು. ಕಾಗದದ ಮೇಲಿನ ಈ ಸೌಲಭ್ಯ ತಮ್ಮ ಜಿಲ್ಲೆಯಲ್ಲಿ ಸಿಗುತ್ತಿದೆಯೇ ಎಂದು ರೋಗಿಗಳು ಜಿಲ್ಲಾ ಆಸ್ಪತ್ರೆಯಲ್ಲಿ ಬಾಯಿಬಿಟ್ಟು ಕೇಳಬೇಕು. ಕೇಳುವವರಿಲ್ಲದ ಸೌಲಭ್ಯ ಕಪಾಟಿನಲ್ಲೇ ಉಳಿಯುತ್ತದೆ.

ಮನೆಯವರ ಹೊರೆ

ಒಂದು ಮಾತನ್ನು ಮರೆಯಬಾರದು. ಮನೆಗೆ ಚಿಕಿತ್ಸೆ ಬಂದಾಗ ನರ್ಸ್ ಮಾಡುತ್ತಿದ್ದ ಕೆಲಸ ಮನೆಯವರ ಹೆಗಲಿಗೆ ಬರುತ್ತದೆ. ನಮ್ಮಲ್ಲಿ ಅದು ಹೆಚ್ಚಾಗಿ ಹೆಂಡತಿಯ ಅಥವಾ ಸೊಸೆಯ ಹೆಗಲಿಗೆ. ದಿನಕ್ಕೆ ಮೂರು ಸಲ, ವರ್ಷಕ್ಕೆ ಸಾವಿರಕ್ಕೂ ಹೆಚ್ಚು ಸಲ! ನೆಂಟರ ಮದುವೆಗೆ, ತವರಿಗೆ ಹೋಗಲೂ ಬಿಡುವಿಲ್ಲದಂತಾದರೆ ಬೇಸರ ಬರುವುದು ಸಹಜ. ಕೈಲಾಗುವ ರೋಗಿ ತಾನೇ ಮಾಡಿಕೊಳ್ಳುವುದು, ಮನೆಯಲ್ಲಿ ಇಬ್ಬರಾದರೂ ಕಲಿತಿರುವುದು ಇದಕ್ಕೆ ಪರಿಹಾರ. ಚೀಲಗಳನ್ನು ಜೊತೆಗೆ ಒಯ್ದರೆ ಊರಿಗೆ, ಯಾತ್ರೆಗೆ ಹೋಗಿಬರುವುದಕ್ಕೂ ಅಡ್ಡಿಯಿಲ್ಲ ಎಂಬುದನ್ನು ನೆನಪಿಡಬೇಕು.

ಕೇಳಬೇಕಾದ ಪ್ರಶ್ನೆ

ಮೂತ್ರಪಿಂಡದ ರೋಗ ಒಂದೇ ದಿನದಲ್ಲಿ ಕೊನೆಯ ಹಂತ ಮುಟ್ಟುವುದು ಅಪರೂಪ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು ವರ್ಷಕ್ಕೊಮ್ಮೆ ಮೂತ್ರದಲ್ಲಿ ಪ್ರೋಟೀನ್ ಇದೆಯೇ, ರಕ್ತದಲ್ಲಿ ಕ್ರಿಯಾಟಿನಿನ್ ಎಷ್ಟಿದೆ ಎಂದು ಪರೀಕ್ಷಿಸಿಕೊಂಡರೆ ಮುನ್ಸೂಚನೆ ಸಿಗುತ್ತದೆ. ಆಗ ವೈದ್ಯರ ಬಳಿ ಕುಳಿತು ನಿಧಾನವಾಗಿ ಮಾತಾಡಲು ಸಮಯವಿರುತ್ತದೆ. ‘ನನಗೆ ಯಾವ ಯಾವ ವಿಧಾನ ಸಾಧ್ಯ? ಮನೆಯಲ್ಲಿ ಮಾಡಿಕೊಳ್ಳಬಹುದೇ? ಇಲ್ಲವಾದರೆ ಏಕೆ? ಇಲ್ಲಿ ತರಬೇತಿ ಸಿಗುತ್ತದೆಯೇ? ರಾತ್ರಿ ತೊಂದರೆಯಾದರೆ ಯಾರಿಗೆ ಫೋನ್ ಮಾಡಬೇಕು?’ ಈ ಐದು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೂ ತಪ್ಪಿಲ್ಲ. ಉಸಿರು ಕಟ್ಟಿ ತುರ್ತು ವಾರ್ಡಿಗೆ ಬಂದವರಿಗೆ ಕುತ್ತಿಗೆಗೆ ಕೊಳವೆ ಹಾಕಿ ಯಂತ್ರಕ್ಕೆ ಜೋಡಿಸುವುದು ಬಿಟ್ಟು ಬೇರೆ ದಾರಿ ಸಾಮಾನ್ಯವಾಗಿ ಇರುವುದಿಲ್ಲ. ಅಲ್ಲಿಂದ ಹಿಂದೆ ತಿರುಗಿ ಆಯ್ಕೆ ಮಾಡುವವರು ಕಡಿಮೆ.

ಅರವತ್ತು ವರ್ಷಗಳ ಹಿಂದೆ ಸಿಯಾಟಲ್‌ನಲ್ಲಿ ಏಳು ಜನ ಕುಳಿತು ಯಾರು ಬದುಕಬೇಕೆಂದು ತೀರ್ಮಾನಿಸುತ್ತಿದ್ದರು. ಇಂದು ಅಂಥ ಸಮಿತಿ ಇಲ್ಲ. ಆದರೆ ಆಸ್ಪತ್ರೆಗೂ ಊರಿಗೂ ನಡುವಿನ ದೂರ, ಬಸ್ಸಿನ ವೇಳೆ, ದಿನದ ಕೂಲಿ ಇವು ಸದ್ದಿಲ್ಲದೆ ಅದೇ ತೀರ್ಮಾನವನ್ನು ಮಾಡುತ್ತಿವೆ. ಮಲೆನಾಡಿನ ಆ ಬೆಳೆಗಾರರು ಬೆಳಗಿನ ಚೀಲ ಬದಲಿಸಿ, ಟವೆಲು ಹೆಗಲಿಗೆ ಹಾಕಿ ತೋಟಕ್ಕೆ ಇಳಿಯುವಂತಾಗಬೇಕಾದರೆ, ಅಂಥ ದಾರಿಯೊಂದಿದೆ ಎಂದು ಮೊದಲ ದಿನವೇ ಅವರಿಗೆ ಯಾರಾದರೂ ಹೇಳಿರಬೇಕು.